ಹೆಸರು ಕಳಕೊಂಡ ಫೈಲುಗಳು

ಮಾರಿಕುಪ್ಪಂ ಅಂದರೆ ಬೆಂಗಳೂರಿನ ಬಹಳಷ್ಟು ಜನಕ್ಕೆ ಅದು ಒಂದು ರೈಲಿನ ಬೋರ್ಡು, ಅಷ್ಟೇ. ಸಂಜೆ ಹೊತ್ತು ಕೆ.ಆರ್.ಪುರದಲ್ಲೋ ವೈಟ್‌ಫೀಲ್ಡ್‌ನಲ್ಲೋ ಪ್ಲಾಟ್‌ಫಾರ್ಮಿನ ಮೇಲೆ ನಿಂತವರನ್ನ, ಕಾಲಿಡೋಕೂ ಜಾಗ ಇಲ್ಲದೆ ತುಂಬ್ಕೊಂಡು ಹೋಗುವ ಆ ಗಾಡಿ ಕೊನೆಗೆ ಎಲ್ಲಿ ನಿಲ್ಲುತ್ತೆ ಅಂತ ಕೇಳಿ ನೋಡಿ. ಬಂಗಾರಪೇಟೆಯಲ್ಲಿ ಮೇನ್ ಲೈನ್ ಬಿಟ್ಟು ಕವಲೊಡೆದು, ಕೋರಮಂಡಲ್, ಊರ್ಗಾಂ, ಚಾಂಪಿಯನ್ ಅಂತ ಗಣಿಗಳ ನೆನಪು ತರೋ ಸ್ಟೇಷನ್‌ಗಳನ್ನ ದಾಟಿ, ಹಳಿ ಮುಗಿಯೋ ಜಾಗವೇ ನಮ್ಮ ಮಾರಿಕುಪ್ಪಂ. ಗಣಿಗೋಸ್ಕರ 1894ರಲ್ಲಿ ಹಾಕಿದ ಹಳಿ ಇದು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಹಳಿ ಉಳಿಯಿತು. ಒಂದು ಕಾಲದಲ್ಲಿ ಎಲ್ಲೆಲ್ಲಿಂದಲೋ ಕೆಲಸ ಹುಡುಕ್ಕೊಂಡು ಜನ ಇಲ್ಲಿಗೆ ಬರ್ತಿದ್ದರು, ಈಗ ಬೆಳಗಿನ ಜಾವ ಇಲ್ಲಿಂದ ಹೊರಗೆ ಹೋಗ್ತಾರೆ. ಹಾಗೆ ಹೋಗುವವರಲ್ಲಿ ಆರು ವರ್ಷ ನಾನೂ ಒಬ್ಬಳಾಗಿದ್ದೆ. ಈಗ ವೈಟ್‌ಫೀಲ್ಡ್‌ನಲ್ಲೇ ಪಿ.ಜಿ. ಸ್ಟೋರೇಜ್ ಸಪೋರ್ಟ್ ನನ್ನ ಕೆಲಸ. ಅಂದರೆ ಬೇರೆ ದೇಶದ ಕಂಪನಿಗಳ ಡಿಸ್ಕು ಕೆಟ್ಟಾಗ ರಾತ್ರಿ ಎದ್ದು ಕೂತ್ಕೊಳ್ಳೋದು.

ನಮ್ಮ ಚಿಕ್ಕಪ್ಪನದು ಆಂಡರ್ಸನ್‌ಪೇಟೆಯಲ್ಲಿ ಡಿಟಿಪಿ ಅಂಗಡಿ. ಗಣಿಯಲ್ಲಿದ್ದಾಗ ಅವರು ಟೈಮ್ ಆಫೀಸಿನಲ್ಲಿ ಹಾಜರಿ ಬರೆಯೋ ಗುಮಾಸ್ತ. ಯಾರು ಕೆಳಗಿಳಿದರು, ಯಾರು ಮೇಲೆ ಬಂದರು ಅನ್ನೋದನ್ನ ಟೋಕನ್ ನಂಬರಿನ ಲೆಕ್ಕದಲ್ಲಿ ಬರೆದಿಡೋದು. ಗಣಿ ಮುಚ್ಚಿದಾಗ ಕೈಗೆ ಬಂದ ದುಡ್ಡಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಸೆಕೆಂಡ್ ಹ್ಯಾಂಡ್ ಜೆರಾಕ್ಸ್ ಮೆಷೀನು ತಗೊಂಡರು. ಕೆಲಸ ಕಳಕೊಂಡ ಊರಲ್ಲಿ ಯಾವ ಅಂಗಡಿ ನಡೆಯುತ್ತೆ ಅಂತ ಮನೆಯವರೆಲ್ಲಾ ತಲೆ ಮೇಲೆ ಕೈ ಹೊತ್ತುಕೊಂಡಿದ್ದರಂತೆ. ಅರ್ಜಿ ಟೈಪ್ ಮಾಡೋ ಅಂಗಡಿ ನಡೆಯಿತು. ಕೆಲಸ ಹೋದ ಊರಲ್ಲಿ ಅರ್ಜಿಗೇನು ಬರಗಾಲ? ಪಿಎಫ್ ಬಾಕಿ, ಪಿಂಚಣಿ, ಮನೆ, ನೀರು, ಧೂಳು ಕುಡಿದು ಕುಡಿದು ಬಂದ ಸಿಲಿಕೋಸಿಸ್. ಅದರ ಜೊತೆಗೆ ಮದುವೆ ಕಾರ್ಡು, ಚರ್ಚಿನ ನೋಟೀಸು, ಬಯೋಡೇಟಾ. ಕನ್ನಡ, ತಮಿಳು, ತೆಲುಗು, ಇಂಗ್ಲಿಷು, ನಾಲ್ಕೂ ಭಾಷೆಯಲ್ಲಿ ಚಿಕ್ಕಪ್ಪ ಟೈಪ್ ಮಾಡ್ತಾರೆ. ನಾಲ್ಕರಲ್ಲೂ ಕಾಗುಣಿತ ತಪ್ಪು ಮಾಡ್ತಾರೆ ಅಂತ ಚಿಕ್ಕಮ್ಮ ಹೇಳ್ತಾಳೆ.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಐಟಂ ಇದೆ. ನಮ್ಮೂರ ಗೋಡೆಗಳನ್ನ ನೋಡಿದವರಿಗೆ ಗೊತ್ತು: ಯಾರಾದರೂ ತೀರಿಕೊಂಡರೆ ಅವರ ಫೋಟೋ ಹಾಕಿದ ‘ಕಣ್ಣೀರ್ ಅಂಜಲಿ’ ಪೋಸ್ಟರು ಗೋಡೆಗೆ ಬೀಳಬೇಕು. ವರ್ಷ ಆದಮೇಲೆ ಮೊದಲ ವರ್ಷದ ನೆನಪಿನ ಪೋಸ್ಟರು, ಆಮೇಲೆ ಎರಡನೇ ವರ್ಷದ್ದು. ಫೋಟೋ ಅದೇ, ಹೂವಿನ ಚೌಕಟ್ಟು ಬೇರೆ. ಬಡವರ ಮನೆಯಲ್ಲಿ ಸತ್ತವರ ಒಂದೇ ಒಂದು ಫೋಟೋ ಇರುತ್ತೆ; ಹಳೇ ಗುರುತಿನ ಚೀಟಿಯದ್ದೋ, ಯಾವುದೋ ಮದುವೆ ಗುಂಪಿನಿಂದ ಕತ್ತರಿಸಿಕೊಂಡದ್ದೋ. ಅದನ್ನ ಸ್ಕ್ಯಾನ್ ಮಾಡಿ, ಕಲೆ ತೆಗೆದು, ಹಿಂದೆ ನೀಲಿ ಬಣ್ಣ ಹಾಕಿ ಚಿಕ್ಕಪ್ಪ ಇಟ್ಕೊಳ್ತಾರೆ. 2018ರಲ್ಲಿ ಸಿನಿಮಾ ಬಂದಮೇಲೆ ಕೆಜಿಎಫ್ ಅಂದರೆ ಎಲ್ಲರಿಗೂ ಒಂದೇ ಮುಖ ನೆನಪಾಗುತ್ತೆ. ಅಸಲಿ ಮುಖಗಳು ಇದ್ದದ್ದು ಈ ಅಂಗಡಿಯ 320 ಜಿಬಿ ಡಿಸ್ಕಿನಲ್ಲಿ.

ಹೋದ ವರ್ಷ ಆಷಾಢದಲ್ಲಿ ಒಂದು ಶುಕ್ರವಾರ ಸಾಯಂಕಾಲ ಚಿಕ್ಕಪ್ಪನ ಫೋನ್ ಬಂತು. “ಪಾಪಾ, ಕಂಪ್ಯೂಟರು ಒಂಥರಾ ಟಿಕ್ ಟಿಕ್ ಅಂತೈತೆ. ಡಿ ಡ್ರೈವ್ ತೆಗೆದ್ರೆ ಮರಳು ಗಡಿಯಾರ ತಿರುಗ್ತಾನೇ ಇರ್ತೈತೆ.”

“ಪ್ಲಗ್ ತೆಗೀರಿ ಚಿಕ್ಕಪ್ಪ. ಈಗಲೇ.”

“ಶಟ್‌ಡೌನ್ ಕೊಡ್ಲಾ?”

“ಬೇಡ, ವೈರ್ ಎಳೀರಿ.”

ಸಾಮಾನ್ಯವಾಗಿ ಯಾರಿಗೂ ಹೀಗೆ ಹೇಳಲ್ಲ. ಆದರೆ ಅಂಥ ಡಿಸ್ಕಿಗೆ ಶಟ್‌ಡೌನ್ ಅನ್ನೋದೂ ಒಂದು ಕೆಲಸವೇ. ವಿಂಡೋಸ್ ಮಲಗೋ ಮುಂಚೆ ಹತ್ತಾರು ಕಡೆ ಏನೇನೋ ಬರೆದು ಮಲಗುತ್ತೆ. ಹಾರ್ಡ್ ಡಿಸ್ಕಿನ ಒಳಗೆ ಇರೋದು ಕನ್ನಡಿಯಂಥ ತಟ್ಟೆಗಳು. ನಿಮಿಷಕ್ಕೆ 7,200 ಸುತ್ತು. ತಟ್ಟೆಯ ಅಂಚಿನಲ್ಲಿ ಲೆಕ್ಕ ಹಾಕಿದರೆ ಗಂಟೆಗೆ 120 ಕಿ.ಮೀ. ಆಸುಪಾಸಿನ ವೇಗ. ಅದರ ಮೇಲೆ ಓದುವ ಹೆಡ್ಡು ತಟ್ಟೆಗೆ ತಾಗದೆ ಗಾಳಿಯಲ್ಲಿ ತೇಲುತ್ತೆ. ನಡುವಿನ ಸಂದು ಕೂದಲಿನ ದಪ್ಪದ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಟಿಕ್ ಟಿಕ್ ಅಂದರೆ ಆ ಹೆಡ್ಡು ತನಗೆ ಬೇಕಾದ ಜಾಗ ಸಿಗದೆ ಮತ್ತೆ ಮತ್ತೆ ವಾಪಸ್ಸು ಹೋಗಿ ಮೊದಲಿಂದ ಹುಡುಕ್ತಾ ಇದೆ ಅಂತ. ಹುಡುಕಿದಷ್ಟೂ ಸವೆತ. ಹಾಗಾಗಿ ಸದ್ದು ಕೇಳಿದ ಕೂಡಲೇ ಮಾಡಬೇಕಾದ್ದು ಏನೂ ಮಾಡದೆ ಇರೋದು. ನಮ್ಮ ಜನಕ್ಕೆ ಅತಿ ಕಷ್ಟದ ಕೆಲಸ ಇದೇ.

ಯಾಕಂದ್ರೆ ನಾನು ಶನಿವಾರ ಊರು ಸೇರೋ ಹೊತ್ತಿಗೆ ವೈದ್ಯರು ಮೂರು ಜನ ಬಂದುಹೋಗಿದ್ದರು. ಒಬ್ಬ, ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ ಅಂದನಂತೆ. ಹೋಗುತ್ತೆ, ಬಾವಿಗೆ ಮಣ್ಣು ತುಂಬಿದರೆ ನೀರಿನ ಸಮಸ್ಯೆ ಹೋಗೋ ಹಾಗೆ. ಇನ್ನೊಬ್ಬ, ಡಿಸ್ಕ್ ಚೆಕ್ ಓಡಿಸಿ ಅಂದ. ಅದು ಗಟ್ಟಿ ಡಿಸ್ಕಿಗೆ ಸರಿ. ಸಾಯ್ತಿರೋ ಡಿಸ್ಕಿನ ಮೇಲೆ ಓಡಿಸಿದರೆ ಓದಲಾಗದ ಪಟ್ಟಿಯನ್ನ ‘ಸರಿಪಡಿಸಿ’ ಇದ್ದದ್ದನ್ನೂ ಅಳಿಸುತ್ತೆ. ಮೂರನೆಯವನು ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ ಅಂದಿದ್ದ. ಈ ಫ್ರೀಜರ್ ಔಷಧಿ ಪ್ರಪಂಚದಾದ್ಯಂತ ಪ್ರಸಿದ್ಧ. ಹೊರಗೆ ತೆಗೆದಾಗ ಒಳಗೆ ತೇವ ಕಟ್ಟಿ, ಹೆಡ್ಡು ಆ ಹನಿಗೆ ಡಿಕ್ಕಿ ಹೊಡೆಯುತ್ತೆ ಅನ್ನೋದು ಮಾತ್ರ ಅಷ್ಟು ಪ್ರಸಿದ್ಧ ಅಲ್ಲ. ಪುಣ್ಯಕ್ಕೆ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿಗೇ ಜಾಗ ಇಲ್ಲ ಅಂತ ಚಿಕ್ಕಮ್ಮ ಬಿಡಲಿಲ್ಲ.

ದುಡ್ಡು ಕೊಟ್ಟು ಲ್ಯಾಬಿಗೆ ಹಾಕೋ ದಾರಿಯೂ ಇತ್ತು. ಹೆಡ್ಡೇ ಮುರಿದಿದ್ದರೆ ಅದೊಂದೇ ದಾರಿ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಅದೇ ಮಾಡೆಲ್ಲಿನ ಬೇರೆ ಡಿಸ್ಕಿನ ಹೆಡ್ಡು ಹಾಕ್ತಾರೆ. ಬೆಂಗಳೂರಲ್ಲಿ ಫೋನ್ ಮಾಡಿ ಕೇಳಿದೆ. ಚಿಕ್ಕಪ್ಪನ ಅಂಗಡಿಯ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಹೇಳಿದರು, ಅದೂ ನೋಡಿದ ಮೇಲೆ ಏರಬಹುದು ಅಂತ. ಡಿಸ್ಕು ಇನ್ನೂ ತಿರುಗ್ತಾ ಇತ್ತು, ತನ್ನ ಹೆಸರು ಸೈಜು ಸರಿಯಾಗಿ ಹೇಳ್ತಿತ್ತು. ಹಾಗಿದ್ದರೆ ಮನೆಯಲ್ಲೇ ಒಂದು ಪ್ರಯತ್ನ ಮಾಡಬಹುದು. ಒಂದೇ ಪ್ರಯತ್ನ.

ಅಂಗಡಿಗೆ ಹೋದರೆ ಮೆಟ್ಟಿಲ ಮೇಲೆ ಪಾಟಿ ಕೂತಿದ್ದರು. ಹಿಂದಿನ ಲೈನಿನವರು, ನಮ್ಮ ತಾತನ ಜೊತೆ ಒಂದೇ ಶಿಫ್ಟಿನಲ್ಲಿ ಇಳೀತಿದ್ದವರ ಹೆಂಡತಿ. ಗಂಡ ಹೋಗಿ ಮುಂದಿನ ಶನಿವಾರಕ್ಕೆ ಒಂದು ವರ್ಷ. ಅವರ ಇದ್ದೊಂದು ಫೋಟೋ ಗಣಿಯ ಹಳೇ ಕಾರ್ಡಿನಲ್ಲಿತ್ತು. ಸ್ಕ್ಯಾನ್ ಆದಮೇಲೆ ಆ ಕಾರ್ಡನ್ನ ಪಾಟಿಯೇ ಅವರ ಜೇಬಿನಲ್ಲಿಟ್ಟು ಮಣ್ಣು ಮಾಡಿದ್ದರು. ಮನೆ ಗೋಡೆಗೆ ಹಾಕಿದ್ದ ಪ್ರಿಂಟು ಮಳೆಗಾಲದ ಸೋರಿಕೆಗೆ ಬಣ್ಣ ಬಿಟ್ಟು ಹರಿದುಹೋಗಿತ್ತು. ಬೀದಿಯ ಪೋಸ್ಟರು ಎಂದೋ ಮಾಯ. ಉಳಿದದ್ದು ಡಿ ಡ್ರೈವಿನ ಒಳಗೆ.

“ಅದೊಂದೇ ಫೋಟೋ ತೆಗೆದುಕೊಡು ಪಾಪಾ, ಮಿಕ್ಕಿದ್ದು ಆಮೇಲೆ ನೋಡಾಣ” ಅಂದರು ಚಿಕ್ಕಪ್ಪ.

ಇಲ್ಲಿ ನಮ್ಮಿಬ್ಬರಿಗೂ ಸಣ್ಣದಾಗಿ ಜಗಳವೇ ಆಯಿತು. ಕೇಳೋಕೆ ನ್ಯಾಯವಾದ ಮಾತು. ಬೇಕಾದ್ದು ಒಂದು ಫೋಟೋ, ಎರಡು ಎಂಬಿ ಇರಬಹುದು, ಅದನ್ನ ಮೊದಲು ತೆಗೆದರಾಯಿತಲ್ಲ? ಆದರೆ ಒಂದು ಫೈಲು ಹುಡುಕೋದು ಅಂದರೆ ಫೋಲ್ಡರ್ ತೆಗಿ, ಪಟ್ಟಿ ಓದು, ಇಲ್ಲಿಂದ ಅಲ್ಲಿಗೆ ಹಾರು, ಮತ್ತೆ ವಾಪಸ್ ಬಾ. ಹೆಡ್ಡು ಅತ್ತಿಂದಿತ್ತ ಓಡಾಡಿದಷ್ಟೂ ಕೆಟ್ಟ ಜಾಗಕ್ಕೆ ಬಡಿಯೋ ಸಾಧ್ಯತೆ ಹೆಚ್ಚು. ಆ ಒಂದು ಫೋಟೋ ಕೆಟ್ಟ ಜಾಗದಲ್ಲೇ ಇದ್ದರೆ, ಅದಕ್ಕೋಸ್ಕರ ಬಡಿದಾಡಿ ಉಳಿದ ಸಾವಿರಾರು ಜನರದ್ದನ್ನೂ ಕಳಕೊಳ್ತೀವಿ. ಸರಿಯಾದ ಕ್ರಮ ಏನಂದ್ರೆ, ಫೈಲು ಫೋಲ್ಡರು ಅನ್ನೋದನ್ನೆಲ್ಲಾ ಮರೆತು, ಯಾರದ್ದು ಏನು ಅಂತ ಕೇಳದೆ, ಡಿಸ್ಕನ್ನ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಹಾಗೇ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳೋದು. ಹುಡುಕೋದೆಲ್ಲಾ ಆಮೇಲೆ, ಆ ನಕಲಿನ ಮೇಲೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಂಪು ನಿಲ್ಲಿಸಿದ ಮೇಲೆ ನೀರು ಹಿಂಗೇ ಏರಿದ್ದು. ಮೇಲೆ ತಂದಿದ್ದು ತಂದಂಗೆ, ಕೆಳಗೆ ಬಿಟ್ಟಿದ್ದು ಬಿಟ್ಟಂಗೆ” ಅಂದರು. ಅದು ಒಪ್ಪಿಗೆಯೋ ಸಿಟ್ಟೋ ನನಗೆ ತಿಳೀಲಿಲ್ಲ. ಪಾಟಿಗೆ ಏನೋ ತಮಿಳಿನಲ್ಲಿ ಹೇಳಿ ಮನೆಗೆ ಕಳಿಸಿದರು.

ಇದಕ್ಕೆ ಬಳಸೋ ಸಾಧನದ ಹೆಸರು ಡಿಡಿರೆಸ್ಕ್ಯೂ. ಬಿಟ್ಟಿ ಸಿಗುತ್ತೆ, ನೋಡೋಕೆ ಕಪ್ಪು ಪರದೆ ಮೇಲೆ ನಾಲ್ಕು ಸಾಲು ಅಂಕಿ. ಆದರೆ ಬುದ್ಧಿ ದೊಡ್ಡದು. ಸಾಧಾರಣವಾಗಿ ಕಾಪಿ ಮಾಡುವಾಗ ಕೆಟ್ಟ ಜಾಗ ಸಿಕ್ಕರೆ ವಿಂಡೋಸ್ ಅಲ್ಲೇ ಹಟ ಹಿಡಿದು ಕೂರುತ್ತೆ. ಇದು ಹಾಗಲ್ಲ. ಸುಲಭವಾಗಿ ಬರೋದನ್ನ ಮೊದಲು ಬಾಚಿಕೊಳ್ಳುತ್ತೆ, ತೊಂದರೆ ಕೊಡೋ ಜಾಗ ಬಂದರೆ ಗುರುತು ಹಾಕಿ ಹಾರಿ ಮುಂದೆ ಹೋಗುತ್ತೆ. ಎಲ್ಲಾ ಮುಗಿದ ಮೇಲೆ ಬಿಟ್ಟ ಜಾಗಗಳ ಅಂಚುಗಳನ್ನ ಕೆರೆಯುತ್ತೆ, ಕಟ್ಟಕಡೆಗೆ ಒಂದೊಂದೇ ಸೆಕ್ಟರು, ಅಂದರೆ ಅರ್ಧ ಕೆಬಿ, ಅರ್ಧ ಕೆಬಿಯಾಗಿ ಕೇಳುತ್ತೆ. ಎಲ್ಲಿವರೆಗೆ ಬಂತು, ಏನು ಬಾಕಿ ಅನ್ನೋದನ್ನ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಮಧ್ಯೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು. ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿದೆ. 1902ರಲ್ಲಿ ಶಿವನಸಮುದ್ರದಿಂದ ಮೊದಲ ವಿದ್ಯುತ್ತು ಬಂದದ್ದು ಬೆಂಗಳೂರಿಗಿಂತ ಮುಂಚೆ ನಮಗೇ ಅಂತ ಈಗಲೂ ಜಂಬ ಕೊಚ್ಚಿಕೊಳ್ತೀವಿ. ಆ ಶನಿವಾರ ರಾತ್ರಿ ಎರಡು ಸಲ ಹೋಯಿತು.

ಅಂಗಡಿಯ ಕಂಪ್ಯೂಟರನ್ನ ಮನೆಗೆ ತಂದು, ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಹಳೇ ಡಿಸ್ಕಿಗೆ ಒಂದಕ್ಷರವೂ ಬರೆಯದ ಹಾಗೆ ನೋಡಿಕೊಂಡು, ನಾನು ತಂದಿದ್ದ ಒಂದು ಟಿಬಿ ಡಿಸ್ಕಿಗೆ ಇಳಿಸೋಕೆ ಶುರು ಮಾಡಿದೆ. ಟೇಬಲ್ ಫ್ಯಾನನ್ನ ಡಿಸ್ಕಿನ ಕಡೆ ತಿರುಗಿಸಿದ್ದಕ್ಕೆ ಮನೆಯಲ್ಲಿ ಎಲ್ಲರೂ ಸೊಳ್ಳೆ ಕಚ್ಚಿಸಿಕೊಂಡರು. ಬೆಳಿಗ್ಗೆ ಹೊತ್ತಿಗೆ 99.1 ಶೇಕಡಾ ಬಂದಿತ್ತು. ಚಿಕ್ಕಪ್ಪನಿಗೆ ಖುಷಿಯೋ ಖುಷಿ. ನಾನು ಹೇಳಲಿಲ್ಲ, ಈ ಲೆಕ್ಕದಲ್ಲಿ ಕೊನೇ ಒಂದು ಪರ್ಸೆಂಟೇ ಎಲ್ಲಾ ಅಂತ. 320 ಜಿಬಿಯಲ್ಲಿ 0.9 ಅಂದರೆ ಸುಮಾರು ಮೂರು ಜಿಬಿ. ಅದು ಎಲ್ಲಿದೆ ಅನ್ನೋದರ ಮೇಲೆ ಭವಿಷ್ಯ. ಖಾಲಿ ಜಾಗದಲ್ಲಿದ್ದರೆ ಏನೂ ನಷ್ಟ ಇಲ್ಲ.

ಖಾಲಿ ಜಾಗದಲ್ಲಿರಲಿಲ್ಲ. ಭಾನುವಾರ, ಸೋಮವಾರ ಎರಡೂ ದಿನ ಡಿಸ್ಕು ಕೆರೆಸಿಕೊಂಡಿತು. ಚಿಕ್ಕಪ್ಪ ಪಕ್ಕದಲ್ಲೇ ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ ಸದ್ದು ಕೇಳ್ತಿದ್ದರು. “ಈಗ ಓದ್ತಾ ಐತೆ… ಈಗ ಬಿಟ್ಟುಬಿಡ್ತು ನೋಡು.” ಅಂಕಿ ನೋಡಿದರೆ ಅವರು ಹೇಳಿದ್ದೇ ಸರಿ ಇರ್ತಿತ್ತು. ಕೆಳಗೆ ಕೆಲಸ ಮಾಡೋರು ಬಂಡೆಯ ಸದ್ದು ಕೇಳೇ ಓಡಬೇಕೋ ನಿಲ್ಲಬೇಕೋ ತೀರ್ಮಾನಿಸ್ತಿದ್ದರು ಅಂತ ಅವರ ಬಾಯಿಂದಲೇ ಚಿಕ್ಕಂದಿನಲ್ಲಿ ಕೇಳಿದ್ದೆ. ಇವರು ಮಾತ್ರ ಯಾವತ್ತೂ ಮೇಲೇ ಕೂತಿದ್ದವರು. ಕಿವಿ ಎಲ್ಲಿಂದ ಬಂತೋ. ನಾನು ಆಫೀಸಿಗೆ ಎರಡು ದಿನ ರಜೆ ಹಾಕಿದೆ. ಕಾರಣ ‘ಮನೆಯಲ್ಲಿ ಅನಾರೋಗ್ಯ’ ಅಂತ ಬರೆದದ್ದು ಪೂರ್ತಿ ಸುಳ್ಳೇನಲ್ಲ. ಕೊನೆಗೆ 140 ಎಂಬಿ ಬಾಕಿ ಇರುವಾಗ ಟಿಕ್ ಟಿಕ್ ನಿಂತು ಬರೀ ಸುಯ್ ಅನ್ನೋ ಸದ್ದಾಯಿತು. ಆಮೇಲೆ ಆ ಡಿಸ್ಕು ಮತ್ತೆ ತನ್ನ ಹೆಸರು ಹೇಳಲಿಲ್ಲ.

ಆ 140 ಎಂಬಿಯಲ್ಲಿ ಏನಿತ್ತು ಗೊತ್ತಾ? ಪಟ್ಟಿ. ಡಿ ಡ್ರೈವಿನ ಯಾವ ಫೈಲಿನ ಹೆಸರೇನು, ಅದು ಯಾವ ಫೋಲ್ಡರಿನಲ್ಲಿದೆ, ಡಿಸ್ಕಿನ ಯಾವ ಜಾಗದಲ್ಲಿ ಮಲಗಿದೆ ಅನ್ನೋದನ್ನ ಬರೆದಿಡೋ ಕೋಷ್ಟಕದ ದೊಡ್ಡ ತುಂಡು. ನಮ್ಮ ಚಿಕ್ಕಪ್ಪನ ಟೈಮ್ ಆಫೀಸಿನ ರಿಜಿಸ್ಟರ್ ಇದ್ದ ಹಾಗೆ ಅದು. ಕೆಲಸಗಾರರೆಲ್ಲಾ ಒಳಗೇ ಇದ್ದಾರೆ, ರಿಜಿಸ್ಟರ್ ಸುಟ್ಟುಹೋಗಿದೆ.

ಇಂಥ ಹೊತ್ತಿಗೆ ಫೋಟೋರೆಕ್ ಅಂತ ಇನ್ನೊಂದು ಸಾಧನ. ಅದಕ್ಕೆ ಪಟ್ಟಿ ಬೇಡ. ಪ್ರತಿ ಬಗೆಯ ಫೈಲಿಗೂ ತಲೆಯ ಭಾಗದಲ್ಲಿ ಒಂದು ಗುರುತಿರುತ್ತೆ. ಜೆಪೆಗ್ ಶುರುವಾಗೋದು ಹೀಗೆ, ವರ್ಡ್ ಫೈಲ್ ಶುರುವಾಗೋದು ಹೀಗೆ. ಸೆಕ್ಟರ್ ಸೆಕ್ಟರನ್ನೂ ನೋಡ್ತಾ ಆ ತಲೆ ಸಿಕ್ಕಲ್ಲೆಲ್ಲಾ ಎತ್ತಿಕೊಂಡು ಹೊರಗೆ ಇಡುತ್ತೆ. ಎತ್ತಿ ಇಟ್ಟದ್ದಕ್ಕೆ ಹೆಸರು ಮಾತ್ರ ಇಲ್ಲ. ‘ಎಫ್’ ಅನ್ನೋ ಅಕ್ಷರ, ಮುಂದೆ ಉದ್ದ ನಂಬರ್, ಅಷ್ಟೇ. ಒಂದು ಫೋಲ್ಡರಿಗೆ ಐನೂರರ ಹಾಗೆ ತುಂಬ್ತಾ ಹೋಯಿತು. ಮಂಗಳವಾರ ಬೆಳಿಗ್ಗೆ ನಮ್ಮ ಮುಂದೆ ಹನ್ನೊಂದು ಸಾವಿರ ಚಿತ್ರ, ನಾಲ್ಕು ಸಾವಿರದ ಚಿಲ್ಲರೆ ದಾಖಲೆ ಇದ್ದವು. ಎಲ್ಲವೂ ಬಂದಿತ್ತು, ಯಾವುದು ಯಾರದ್ದು ಅಂತ ಗೊತ್ತಿರಲಿಲ್ಲ.

ದಾಖಲೆಗಳ ಕಥೆ ಇನ್ನೂ ಚೆಂದ. ಒಂದು ತೆಗೆದೆ: ಇಂಗ್ಲಿಷ್ ಅಕ್ಷರ, ಎರಡು ಚುಕ್ಕಿಯ ಯು, ತಲೆಕೆಳಗಾದ ಪ್ರಶ್ನೆ ಚಿಹ್ನೆ, ಎಲ್ಲಾ ಕಲಸಿದ ಚಿತ್ರಾನ್ನ. “ಅಯ್ಯೋ, ಕೆಟ್ಟೋಯ್ತಲ್ಲಾ” ಅಂದರು ಚಿಕ್ಕಪ್ಪ. ಕೆಟ್ಟಿರಲಿಲ್ಲ. ಅದು ನುಡಿ. ಯೂನಿಕೋಡ್ ಬಳಕೆಗೆ ಬರೋ ಮುಂಚೆ ನಮ್ಮ ಬರಹ, ನುಡಿ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿದ್ದವು. ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ. ಅದೇ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಚಿತ್ರಾನ್ನ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಾಗ, ಚಿಕ್ಕಪ್ಪನಂಥ ಸಾವಿರಾರು ಅಂಗಡಿಗಳಿಗೆ ಅನ್ನ ಸಿಕ್ಕಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ನಾನು ಹುಡುಕೋ ಪೆಟ್ಟಿಗೆಯಲ್ಲಿ ‘ಪಿಂಚಣಿ’ ಅಂತ ಯೂನಿಕೋಡಿನಲ್ಲಿ ಹೊಡೆದರೆ, ಪಿಂಚಣಿಯ ನೂರಾರು ಅರ್ಜಿಗಳಲ್ಲಿ ಒಂದೂ ಸಿಗಲ್ಲ. ಕಂಪ್ಯೂಟರಿನ ಪ್ರಕಾರ ಆ ಪದ ಅಲ್ಲಿಲ್ಲ. ತಮಿಳಿನದ್ದೂ ಇದೇ ಹಣೆಬರಹ, ಅದು ಬಾಮಿನಿ ಅನ್ನೋ ಫಾಂಟಿನಲ್ಲಿ. ಕನ್ನಡದ್ದನ್ನ ಯೂನಿಕೋಡಿಗೆ ಪರಿವರ್ತಿಸೋ ಸ್ಕ್ರಿಪ್ಟು ಓಡಿಸಿದೆ. ಒತ್ತಕ್ಷರ ಅಲ್ಲಲ್ಲಿ ಜಾರಿದರೂ ಓದಬಹುದು. ತಮಿಳು ಇನ್ನೂ ಅರ್ಧ ಬಾಕಿ ಇದೆ. ನಿಮ್ಮ ಮನೆಯಲ್ಲಿ ಅಪ್ಪನೋ ಅಜ್ಜಿಯೋ 2005ರ ಸುಮಾರಿಗೆ ಟೈಪ್ ಮಾಡಿಸಿದ ಕಥೆ, ವಂಶವೃಕ್ಷ ಏನಾದರೂ ಸಿಡಿಯಲ್ಲಿದ್ದರೆ, ಡಿಸ್ಕು ಕೆಡೋವರೆಗೆ ಕಾಯಬೇಡಿ. ಕೆಡದೇನೇ ಅದು ಓದಲಾಗದ ಸ್ಥಿತಿಗೆ ಬಂದಿರುತ್ತೆ.

ಅಷ್ಟರಲ್ಲಿ ಶನಿವಾರ ಹತ್ತಿರ ಬರ್ತಿತ್ತು. ಫ್ಲೆಕ್ಸ್ ಹೊಡೆಯೋನಿಗೆ ಗುರುವಾರ ರಾತ್ರಿಯೊಳಗೆ ಫೈಲ್ ಕೊಡಬೇಕು. ಹನ್ನೊಂದು ಸಾವಿರ ಚಿತ್ರದಲ್ಲಿ ಪಾಟಿಯ ಯಜಮಾನರು ಎಲ್ಲಿ?

ನನಗೆ ಹೊಳೆದದ್ದು ಇಷ್ಟು. ಫೋಟೋರೆಕ್ ಕೊಡೋ ನಂಬರ್ ಸುಮ್ಮನೆ ಕೊಟ್ಟದ್ದಲ್ಲ. ಆ ಫೈಲು ಡಿಸ್ಕಿನ ಯಾವ ಸೆಕ್ಟರಿನಿಂದ ಶುರುವಾಗುತ್ತೆ ಅನ್ನೋದೇ ಆ ನಂಬರ್. ಮನೆ ನಂಬರಿದ್ದ ಹಾಗೆ. ಒಂದೇ ದಿನ ಮಾಡಿದ ಕೆಲಸಗಳು, ಯಾವಾಗಲೂ ಅಲ್ಲದಿದ್ದರೂ ಎಷ್ಟೋ ಸಲ, ಅಕ್ಕಪಕ್ಕದ ಮನೆಯಲ್ಲಿರುತ್ತವೆ. “ಅವರ ಪೋಸ್ಟರ್ ಮಾಡಿದ ವಾರ ಇನ್ನೇನು ಮಾಡಿದ್ರಿ ಚಿಕ್ಕಪ್ಪ?” ಅಂತ ಕೇಳಿದೆ. ಟೈಮ್ ಆಫೀಸ್ ತಲೆ ಅಲ್ಲವಾ, ಒಂದು ನಿಮಿಷ ಯೋಚನೆ ಮಾಡಿ, ಹಳೇ ವಿದ್ಯಾರ್ಥಿಗಳ ಕ್ರಿಕೆಟ್ ಪಂದ್ಯದ ಬ್ಯಾನರು, ಒಂದು ನಾಮಕರಣದ ಕಾರ್ಡು ಅಂದರು. ಕ್ರಿಕೆಟ್ ಬ್ಯಾನರ್ ಸಿಕ್ಕಿತು. ಅದರ ನಂಬರಿನ ಅಕ್ಕಪಕ್ಕ ನೋಡ್ತಾ ಹೋದೆವು. ಮೂವತ್ತನೇದೋ ನಲವತ್ತನೇದೋ ಚಿತ್ರ. ಹಣೆ, ಕಣ್ಣು, ಮೂಗು, ಮೀಸೆ, ಗದ್ದ. ಅಲ್ಲಿಂದ ಕೆಳಗೆ ಬರೀ ಬೂದುಬಣ್ಣ.

ಜೆಪೆಗ್ ಮೇಲಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತೆ. ಮಧ್ಯದಲ್ಲಿ ಒಂದು ಸೆಕ್ಟರ್ ಕೆಟ್ಟರೆ ಅದರ ಕೆಳಗಿನದು ಹೀಗೇ ಬೂದಿಯಾಗುತ್ತೆ. ಮುಖ ಉಳಿದದ್ದು ಅದೃಷ್ಟ ಅಂತ ನಾನು ಉಸಿರು ಬಿಟ್ಟೆ. ಚಿಕ್ಕಪ್ಪ ಆಗಲೇ ಮೌಸ್ ಕೈಗೆ ತಗೊಂಡು ತಮ್ಮ ಕಪಾಟು ತೆಗೆದಿದ್ದರು. ಪೋಸ್ಟರ್ ಮಾಡೋ ಎಲ್ಲಾ ಅಂಗಡಿಗಳಲ್ಲೂ ತಲೆ ಇಲ್ಲದ ಕೋಟು ಟೈ ಮೈಗಳ ಒಂದು ಸಂಗ್ರಹ ಇರುತ್ತೆ. ಬನಿಯನ್ನಿನಲ್ಲಿ ತೆಗೆಸಿಕೊಂಡ ಫೋಟೋ ತಂದವರಿಗೆ ಸತ್ತಮೇಲಾದರೂ ಕೋಟು ಸಿಗಲಿ ಅಂತ. ನೀಲಿ ಕೋಟು, ಕೆಂಪು ಟೈ, ಹತ್ತು ನಿಮಿಷದಲ್ಲಿ ಕೂರಿಸಿಬಿಟ್ಟರು.

ಪಾಟಿ ನೋಡಿ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಮುಖ ಅವರದೇ. ಈ ಮನುಷ್ಯ ಯಾರು ಅಂತ ಗೊತ್ತಿಲ್ಲ ಕಣ್ಣು. ಅಂಗಿ ಹಾಕು. ಜೇಬಿನಲ್ಲಿ ಪೆನ್ನಿತ್ತು” ಅಂತ ತಮಿಳಿನಲ್ಲಿ ಹೇಳಿದರು.

ಅಂಗಿ ಹೇಗಿತ್ತು ಅಂತ ಚಿಕ್ಕಪ್ಪನಿಗೆ ನೆನಪಿಲ್ಲ. ಅಲ್ಲಿ ನೆರವಿಗೆ ಬಂದದ್ದು ನಾವು ಬೈಯೋ ಹಳೇ ಎಕ್ಸ್‌ಪಿ. ಹೊಸ ವಿಂಡೋಸಿನಲ್ಲಿ ಸ್ಕ್ಯಾನರ್ ಓಡಲ್ಲ ಅಂತ ಅವರು ಅದನ್ನ ಬಿಟ್ಟಿರಲಿಲ್ಲ. ಎಕ್ಸ್‌ಪಿಯಲ್ಲಿ ಫೋಲ್ಡರನ್ನ ಸಣ್ಣ ಸಣ್ಣ ಚಿತ್ರಗಳಾಗಿ ನೋಡಿದರೆ, ಆ ಸಣ್ಣ ಚಿತ್ರಗಳನ್ನೆಲ್ಲಾ ಅದು ಅದೇ ಫೋಲ್ಡರಿನಲ್ಲಿ ಥಂಬ್ಸ್ ಡಿಬಿ ಅನ್ನೋ ಬಚ್ಚಿಟ್ಟ ಫೈಲಿನಲ್ಲಿ ಕೂಡಿಡ್ತಿತ್ತು. ಅದರ ಜೊತೆಗೆ, ಇದು ಮುಖ್ಯ, ಪ್ರತಿಯೊಂದರ ಮೂಲ ಫೈಲಿನ ಹೆಸರನ್ನೂ. ದೊಡ್ಡ ಪಟ್ಟಿ ಸುಟ್ಟುಹೋದರೂ ಇಂಥ ಚಿಲ್ಲರೆ ಪಟ್ಟಿಗಳು ಡಿಸ್ಕಿನ ಮೂಲೆ ಮೂಲೆಯಲ್ಲಿ ಉಳಿದಿದ್ದವು. ಬುಧವಾರ ರಾತ್ರಿ ಅವುಗಳನ್ನ ಬಿಚ್ಚಿದೆ. ಉಗುರಿನಷ್ಟು ಸಣ್ಣ ಮುಖಗಳು, ಕೆಳಗೆ ಚಿಕ್ಕಪ್ಪ ಕೊಟ್ಟ ಹೆಸರುಗಳು. ಅವರು ಜನರ ಹೆಸರಲ್ಲಿ ಫೈಲ್ ಇಡ್ತಿರಲಿಲ್ಲ. “ನಮ್ಮೂರಲ್ಲಿ ಒಂದೇ ಹೆಸರಿನೋರು ಬೀದಿಗೆ ಆರು ಜನ ಅವ್ರೆ. ನಂಬರ್ರೇ ಸರಿ” ಅಂತ, ಗಣಿಯವರಿಗೆಲ್ಲಾ ಹಳೇ ಟೋಕನ್ ನಂಬರನ್ನೇ ಇಟ್ಟಿದ್ದರು. ಮುಚ್ಚಿ ಅಷ್ಟು ವರ್ಷ ಆದ ಗಣಿಯ ಹಾಜರಿ ಪುಸ್ತಕ ಒಂದು ಡಿಟಿಪಿ ಅಂಗಡಿಯಲ್ಲಿ ನಡೀತಾನೇ ಇತ್ತು. ಒಂದು ನಂಬರ್ ಓದಿದರೆ ಸಾಕು, ಆ ಮನುಷ್ಯ ಯಾವ ಲೈನು, ಯಾವ ಶಾಫ್ಟು, ಮಗಳನ್ನ ಎಲ್ಲಿಗೆ ಕೊಟ್ಟಿದ್ದಾರೆ, ಎಲ್ಲಾ ಹೇಳ್ತಿದ್ದರು.

ಪಾಟಿಯ ಯಜಮಾನರ ಸಣ್ಣ ಚಿತ್ರವೂ ಅದರಲ್ಲಿತ್ತು, ಪೂರ್ತಿಯಾಗಿ. ಬಿಳಿ ಅಂಗಿ, ಎಡಗಡೆ ಜೇಬು, ಜೇಬಿನಲ್ಲಿ ಪೆನ್ನಿನ ಕ್ಲಿಪ್ಪಿರಬಹುದಾದ ಎರಡು ಮೂರು ಚುಕ್ಕಿ. ಅದನ್ನ ನೋಡಿಕೊಂಡು ಚಿಕ್ಕಪ್ಪ ಬೇರೊಂದು ಫೋಟೋದ ಬಿಳಿ ಅಂಗಿ ತಂದು ಕೂರಿಸಿ, ಪೆನ್ನು ಕೈಯಲ್ಲೇ ಬರೆದರು. ಶನಿವಾರ ಬೆಳಿಗ್ಗೆ ಪೋಸ್ಟರು ಬಿತ್ತು. ಅಂಗಿ ಯಾರದ್ದು ಅಂತ ಪಾಟಿ ಕೇಳಲಿಲ್ಲ. ಚಿಕ್ಕಪ್ಪನೂ ನನಗೆ ಇವತ್ತಿನವರೆಗೆ ಹೇಳಿಲ್ಲ.

ಥಂಬ್ಸ್ ಡಿಬಿಗಳಿಂದ, 2011ರವರೆಗೆ ಚಿಕ್ಕಪ್ಪ ಬರೆಸಿಟ್ಟಿದ್ದ ಸಿಡಿಗಳಲ್ಲಿ ಇನ್ನೂ ಓದಲು ಬಂದವುಗಳಿಂದ, ಮತ್ತೆ ಬರೀ ಅವರ ತಲೆಯಿಂದ, ಮುಕ್ಕಾಲು ಪಾಲು ಮುಖಗಳಿಗೆ ಹೆಸರು ಬಂತು. ಪ್ರತಿ ಭಾನುವಾರ ಫೋನಿನಲ್ಲಿ ಕೂತು ಮಾಡಿದ ಕೆಲಸ ಅದು. ಉಳಿದದ್ದು ನಾನೂರ ಹನ್ನೆರಡು ಮುಖ. ಗಣಿಯವರಲ್ಲ, ಅವರ ಮಕ್ಕಳು, ಹೆಂಗಸರು, ಹೊರಗಿನಿಂದ ಬಂದವರು, ಟೋಕನ್ ಇಲ್ಲದವರು.

ಇಲ್ಲೊಂದು ವಿಷಯಕ್ಕೆ ಮತ್ತೆ ನಮಗೆ ವಾದ ಆಯಿತು. ಆ ಡಿಸ್ಕಿನಲ್ಲಿದ್ದದ್ದು ಬರೀ ಮುಖಗಳಲ್ಲ. ಬ್ಯಾಂಕ್ ಪಾಸ್‌ಬುಕ್ಕು, ಆಧಾರ್, ಯಾರ ಶ್ವಾಸಕೋಶದಲ್ಲಿ ಏನಿದೆ ಅನ್ನೋ ಡಾಕ್ಟರ್ ಚೀಟಿ, ಯಾರು ಯಾರ ಮೇಲೆ ದೂರು ಕೊಟ್ಟರು ಅನ್ನೋದು. ಡಿಟಿಪಿ ಅಂಗಡಿಯ ಡಿಸ್ಕು ಅಂದರೆ ಊರಿನ ಹೊಟ್ಟೆ. ನಾನು ನಕಲಿಗೆಲ್ಲಾ ಪಾಸ್‌ವರ್ಡ್ ಹಾಕಿ ಬೀಗ ಜಡಿದೆ, ಒಂದು ಮಾರಿಕುಪ್ಪಂನಲ್ಲಿ, ಒಂದು ನನ್ನ ಹತ್ತಿರ. ಸತ್ತ ಡಿಸ್ಕನ್ನ ಗುಜರಿಗೆ ಕೊಡಬೇಡಿ ಅಂದೆ. ಅದರಲ್ಲಿ ಇನ್ನೂ ಎಲ್ಲಾ ಇದೆ, ಓದಲು ಬಾರದಷ್ಟೇ. ಗುಜರಿಗೆ ಹೋದರೆ ಅದು ಎಲ್ಲಿ ಹೋಗಿ ಸೇರುತ್ತೋ ಯಾರಿಗೆ ಗೊತ್ತು. ಚಿಕ್ಕಪ್ಪ ಇದಕ್ಕೆಲ್ಲಾ ಒಪ್ಪಿದರು. ಆದರೆ ಹೆಸರಿಲ್ಲದ ನಾನೂರ ಹನ್ನೆರಡು ಮುಖಗಳನ್ನ ಬೀಗ ಹಾಕಿ ಇಟ್ಟರೆ ಹೆಸರು ಹೇಳೋರು ಯಾರು ಅನ್ನೋದು ಅವರ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಮುಖ ಮಾತ್ರ, ಬೇರೆ ಯಾವ ಕಾಗದವೂ ಇಲ್ಲದೆ, ಒಂದು ಹಾಳೆಗೆ ಮೂವತ್ತರ ಹಾಗೆ ಪ್ರಿಂಟ್ ತೆಗೆದು, 1 ರಿಂದ 412ರವರೆಗೆ ನಂಬರ್ ಕೊಟ್ಟು, ಒಂದು ಫೈಲಿಗೆ ಹಾಕಿ ಕೌಂಟರಿನ ಒಳಗಡೆ ಇಟ್ಟರು. ಯಾರಿಗೂ ಮನೆಗೆ ಕೊಡಲ್ಲ. ಜೆರಾಕ್ಸಿಗೆ ಕಾಯೋ ವಯಸ್ಸಾದವರಿಗೆ, “ಇದ್ರಾಗೆ ಯಾರನ್ನಾದ್ರೂ ನೋಡಿದ್ದೀರಾ?” ಅಂತ ಕೊಡೋದು. ಗುರುತು ಸಿಕ್ಕರೆ ಪೆನ್ಸಿಲಿನಲ್ಲಿ ಬರೆಯೋದು.

ದೀಪಾವಳಿಗೆ ಹೋದಾಗ ಆ ಫೈಲು ನೋಡಿದೆ. ನೂರ ಎಪ್ಪತ್ತಕ್ಕೂ ಹೆಚ್ಚು ಮುಖಗಳ ಕೆಳಗೆ ಬರಹ ಬಂದಿತ್ತು. ಕೆಲವು ಕನ್ನಡದಲ್ಲಿ, ಹೆಚ್ಚಿನವು ತಮಿಳಿನಲ್ಲಿ, ಒಂದೆರಡು ಅಚ್ಚುಕಟ್ಟಾದ ಕಾನ್ವೆಂಟ್ ಇಂಗ್ಲಿಷಿನಲ್ಲಿ. ‘ಟೈಲರ್ ತಂಗಿ’, ‘ಚೆನ್ನೈಗೆ ಹೋದರು’, ‘ಇವರ ಹೆಸರು ಮರೆತಿದೆ, ಹಾಡ್ತಿದ್ದರು’. 238ನೇ ಮುಖದ ಕೆಳಗೆ ನಡುಗುವ ಕೈಯಲ್ಲಿ ಬರೆದಿತ್ತು: ‘ಇದು ನಾನೇ.’

“ಪೆನ್ಷನ್ ಫಾರಂಗೆ ತೆಗ್ಸಿದ್ದ ಫೋಟೋ ಅಂತೆ” ಅಂದರು ಚಿಕ್ಕಪ್ಪ. “ಬಂದು, ನೋಡಿ, ಬೈದು, ಎಂಟು ಪಾಸ್‌ಪೋರ್ಟ್ ಸೈಜ್ ಪ್ರಿಂಟ್ ತಗೊಂಡು ಹೋದ. ದುಡ್ಡು ಇನ್ನೂ ಕೊಟ್ಟಿಲ್ಲ.”